ಗುಡ್ಡದ ಗಾಲ್ಫ್ ಕೋರ್ಸಲ್ಲಿ ಬಗ್ಗಿನಾ, ಟ್ರಾಲಿನಾ, ಹೆಗಲಿಗೇ ಬ್ಯಾಗಾ?

ಊರಾಚೆ ಗುಡ್ಡಗಳ ಮಧ್ಯೆ ಇರೋ ಒಂದು ಪಬ್ಲಿಕ್ ಗಾಲ್ಫ್ ಕೋರ್ಸಲ್ಲಿ ಈ ಸೀಸನ್‌ನಲ್ಲಿ ನಾಲ್ಕು ರೌಂಡ್ ಆಡಿದೆ. ನಾಲ್ಕೂ ಸಲ ಅದೇ ಟೀ (ಮೊದಲ ಹೊಡೆತ ಹೊಡೆಯೋ ಜಾಗ), ಅದೇ ಭಾವನ ಜೊತೆ, ಹೆಚ್ಚುಕಮ್ಮಿ ಅದೇ ಬೆಳಗಿನ ಹೊತ್ತು, ಬ್ಯಾಗ್ ಸಾಗಿಸೋ ರೀತಿ ಮಾತ್ರ ಪ್ರತಿ ಸಲ ಬೇರೆ. ಇದನ್ನ ಪ್ಲಾನ್ ಮಾಡಿ ಶುರು ಮಾಡಿದ್ದಲ್ಲ. ಮೊದಲ ಸಲ ಬಗ್ಗಿಯಲ್ಲಿ (ಕೋರ್ಸ್ ಒಳಗೆ ಓಡಿಸೋ ಸಣ್ಣ ಗಾಡಿ) ಕೂತು ಆಡಿ ಮನೆಗೆ ಬಂದಾಗ, ಜಾಗ ಅಷ್ಟು ಚೆನ್ನಾಗಿದ್ಯಂತೆ ಹೌದಾ ಅಂತ ಯಾರೋ ಕೇಳಿದ್ರು, ಯೋಚನೆ ಮಾಡಿದ್ರೆ ನನ್ನ ತಲೇಲಿ ಇದ್ದಿದ್ದು ಸಿಮೆಂಟ್ ದಾರಿ, ಬಗ್ಗಿಯ ಗಾಜು, ಮುಂದಿನ ಗ್ರೂಪಿನವರ ಬೆನ್ನು, ಇಷ್ಟೇ! ಗುಡ್ಡ ನೋಡೋಕೆ ಅಂತ ಅಷ್ಟು ದೂರ ಹೋಗಿ ಗುಡ್ಡನೇ ನೋಡಿಲ್ಲ ಅನ್ನೋದು ಒಂಥರಾ ಕೊರೀತಾ ಇತ್ತು, ಅಲ್ಲಿಂದ ಶುರುವಾಗಿದ್ದು ಇದು.

ಕೋರ್ಸ್ ಹೇಗಿದೆ ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಒಟ್ಟು ಹದಿನೆಂಟು ಹೋಲ್, ಒಂದೊಂದೂ ಟೀಯಿಂದ ಶುರುವಾಗಿ ಬಾಲ್ ಗುಂಡಿಗೆ ಬಿದ್ರೆ ಮುಗಿಯುತ್ತೆ. ಮೊದಲ ಆರು ಹೋಲ್ ಕಣಿವೇಲಿ ಹಳ್ಳದ ಪಕ್ಕದಲ್ಲೇ, ಬಹುತೇಕ ಸಮತಟ್ಟು. ಏಳನೇದ್ರಿಂದ ಏರು ಶುರು, ಹನ್ನೆರಡನೇ ಟೀ ಗುಡ್ಡದ ನೆತ್ತಿ, ಅಲ್ಲಿಂದ ಇಳೀತಾ ಇಳೀತಾ ವಾಪಸ್. ಸ್ಕೋರ್ ಕಾರ್ಡಿನ ಪ್ರಕಾರ 6,100 ಯಾರ್ಡ್, ಅಂದ್ರೆ ಐದೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆದ್ರೆ ನಡೆದಾಗ ನನ್ನ ಫೋನ್ ತೋರಿಸಿದ್ದು ಹತ್ತು ಕಿಲೋಮೀಟರ್ ಹತ್ತಿರ ಹತ್ತಿರ! ಯಾಕಂದ್ರೆ ಕಾರ್ಡ್ ಅಳೆಯೋದು ಟೀಯಿಂದ ಗ್ರೀನ್‌ವರೆಗೆ (ಗುಂಡಿ ಇರೋ ನುಣ್ಣನೆ ಹುಲ್ಲಿನ ಜಾಗ), ಒಂದು ಗ್ರೀನ್‌ನಿಂದ ಮುಂದಿನ ಟೀಗೆ ಹೋಗೋ ದಾರಿ ಅದ್ರಲ್ಲಿ ಸೇರಲ್ಲ, ಗುಡ್ಡದ ಕೋರ್ಸಲ್ಲಿ ಈ ಮಧ್ಯದ ದಾರಿಗಳೇ ಉದ್ದ. ಜೊತೆಗೆ ನನ್ನ ಬಾಲ್ ನೆಟ್ಟಗೆ ಹೋಗಲ್ಲ, ಅದಕ್ಕೆ ಕೋರ್ಸನ್ನ ಬೈಯೋಕಾಗಲ್ಲ.

ಮೊದಲು ಬಗ್ಗಿ ವಿಷಯ. ಒಪ್ಕೋಬೇಕು, ಏಳನೇ ಹೋಲಿನ ಏರು ಬಂದಾಗ ಬಗ್ಗಿ ಅಂದ್ರೆ ದೇವರು. ನಡ್ಕೊಂಡು ಹತ್ತೋರು ಏದುಸಿರು ಬಿಡ್ತಾ ಇದ್ರೆ ನಾವು ಕಾಲ ಮೇಲೆ ಕಾಲ್ ಹಾಕ್ಕೊಂಡು ಹತ್ತಿಬಿಟ್ವಿ. ಸ್ಕ್ರೀನ್ ಮೇಲೆ ಗ್ರೀನಿನ ಮುಂದಕ್ಕೆಷ್ಟು, ಮಧ್ಯಕ್ಕೆಷ್ಟು, ಹಿಂದಕ್ಕೆಷ್ಟು ಅಂತ ದೂರ ಬೇರೆ ತೋರಿಸುತ್ತೆ. ಆದ್ರೆ ಆಟ ಶುರುವಾದ ಹತ್ತೇ ನಿಮಿಷದಲ್ಲಿ ಒಂದು ತಾಪತ್ರಯ ಗೊತ್ತಾಯ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು, ಅದಕ್ಕೆ ಬಗ್ಗಿ ಹುಲ್ಲಿಗೆ ಇಳಿಸೋ ಹಾಗಿಲ್ಲ, ದಾರಿ ಮೇಲೇ ಇರ್ಬೇಕು ಅಂತ ಸ್ಟಾರ್ಟರ್ (ಆಟಕ್ಕೆ ಬಿಡೋ ಸಿಬ್ಬಂದಿ) ಹೇಳಿದ್ರು. ದಾರಿ ಇರೋದು ಬಲಗಡೆ, ನನ್ನ ಬಾಲ್ ಹೋಗೋದು ಎಡಗಡೆ. ಅಂದಾಜಲ್ಲಿ ಮೂರು ಕ್ಲಬ್ (ಬಾಲ್ ಹೊಡೆಯೋ ಕೋಲು) ಕೈಲಿ ಹಿಡ್ಕೊಂಡು ಫೇರ್‌ವೇ (ಟೀಗೂ ಗ್ರೀನಿಗೂ ಮಧ್ಯದ ಹುಲ್ಲಿನ ಹಾದಿ) ಅಡ್ಡಲಾಗಿ ನಡೆದು ಹೋಗಿ ನೋಡಿದ್ರೆ ಬಾಲ್ ಪಾದಕ್ಕಿಂತ ಮೇಲಿನ ಇಳಿಜಾರಲ್ಲಿ ಕೂತಿದೆ, ಅದಕ್ಕೆ ಬೇಕಾಗಿರೋದು ನಾಲ್ಕನೇ ಕ್ಲಬ್, ಅದು ಬಗ್ಗೀಲಿದೆ. ವಾಪಸ್ ಹೋಗಿ ತರೋಕೆ ನಾಚಿಕೆ, ಹಿಂದೆ ನಾಲ್ಕು ಜನ ಸೊಂಟದ ಮೇಲೆ ಕೈ ಇಟ್ಕೊಂಡು ಕಾಯ್ತಾ ಇದ್ದಾರೆ, ಸರಿ ಅಂತ ಇರೋದ್ರಲ್ಲೇ ಹೊಡ್ದೆ, ಬಾಲ್ ಸೀದಾ ಹಳ್ಳಕ್ಕೆ. ಬಗ್ಗೀಲಿ ಆರಾಮ ಅಂತಾರೆ, ನನಗಂತೂ ಆವತ್ತು ಉದ್ದಕ್ಕೆ ನಡೆಯೋದು ತಪ್ಪಿ ಅಡ್ಡಕ್ಕೆ ನಡೆಯೋದು ಗಂಟು ಬಿತ್ತು.

ಆರನೇ ಹೋಲ್ ಆದ್ಮೇಲೆ ನೆಲ ಒಣಗಿತ್ತು, ತೊಂಬತ್ತು ಡಿಗ್ರಿ ರೂಲ್ ಪ್ರಕಾರ ಹೋಗ್ಬಹುದು ಅಂದ್ರು. ಅಂದ್ರೆ ಬಾಲಿಗೆ ಸರಿಸಮ ಆಗೋವರೆಗೂ ದಾರಿ ಮೇಲೇ ಹೋಗಿ, ಅಲ್ಲಿಂದ ನೇರ ಅಡ್ಡಕ್ಕೆ ತಿರುಗಿಸಿ ಬಾಲ್ ಹತ್ತಿರ ಹೋಗಿ, ಹಾಗೇ ವಾಪಸ್ ದಾರಿಗೆ. ಹುಲ್ಲು ಹಾಳಾಗ್ದೆ ಇರ್ಲಿ ಅಂತ. ಸರಿ, ಈಗ ಇನ್ನೊಂದು ಸಮಸ್ಯೆ. ಒಂದು ಬಗ್ಗಿಗೆ ಇಬ್ರು, ಭಾವ ಪ್ರತಿ ಸಲ ಬಲಕ್ಕೆ ಸ್ಲೈಸ್, ನಾನು ಎಡಕ್ಕೆ ಹುಕ್. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಥೇಟ್ ಅದೇ. ಅವರನ್ನ ಬಲಗಡೆ ಪೊದೆ ಹತ್ರ ಇಳಿಸಿ, ನಾನು ಎಡಗಡೆ ಹೋಗಿ, ಅವರು ಹೊಡೆದ್ಮೇಲೆ ಹೋಗಿ ಹತ್ತಿಸ್ಕೊಂಡು... ಆಟ ಆಡಿದ್ದಕ್ಕಿಂತ ಪಿಕಪ್ ಡ್ರಾಪ್ ಮಾಡಿದ್ದೇ ಜಾಸ್ತಿ.

ಇನ್ನೊಂದು ಹೇಳ್ಲೇಬೇಕು. ಬಗ್ಗಿ ಹಿಂದೆ ಇಬ್ಬರ ಬ್ಯಾಗೂ ಅಕ್ಕಪಕ್ಕ ಬೆಲ್ಟ್ ಹಾಕಿ ನಿಲ್ಲಿಸಿರ್ತಾರಲ್ಲ, ಹತ್ತನೇ ಹೋಲಲ್ಲಿ ಅವಸರದಲ್ಲಿ ಒಂದು 8 ಐರನ್ ಎಳ್ಕೊಂಡು ಹೊಡೆದೆ, ಆವತ್ತಿನ ಬೆಸ್ಟ್ ಶಾಟ್, ಬಾಲ್ ಹೋಗಿ ಪಿನ್ (ಗುಂಡೀಲಿ ನೆಟ್ಟ ಬಾವುಟದ ಕಡ್ಡಿ) ಪಕ್ಕ ಕೂತ್ಕೊಳ್ತು. ಗ್ರೀನ್ ಹತ್ರ ಕ್ಲಬ್ ಒರೆಸ್ತಾ ನೋಡ್ತೀನಿ, ಗ್ರಿಪ್ ಬಣ್ಣ ಬೇರೆ. ಭಾವನ ಕ್ಲಬ್! ಜೊತೇಲಿ ಆಡ್ತಿರೋರ ಕ್ಲಬ್ಬಲ್ಲಿ ಹೊಡೆದ್ರೆ ಎರಡು ಸ್ಟ್ರೋಕ್ ಪೆನಾಲ್ಟಿ, ಅಂದ್ರೆ ಲೆಕ್ಕಕ್ಕೆ ಎರಡು ಹೊಡೆತ ಜಾಸ್ತಿ. ಭಾವ ಏನೂ ಬೈಯಲಿಲ್ಲ, "ಮಾರಾಯಾ, ನನ್ನ ಕೈಲಿ ಒಂದಿನಾನೂ ಹಾಗೆ ಹೋಗಿಲ್ವಲ್ಲೋ ಅದು" ಅಂತ ಕ್ಲಬ್ಬನ್ನೇ ತಿರುಗಿಸಿ ತಿರುಗಿಸಿ ನೋಡ್ತಾ ನಿಂತ್ರು.

ಬಗ್ಗೀಲಿ ಬೇಗ ಮುಗಿಯುತ್ತೆ ಅನ್ನೋದೂ ಪಬ್ಲಿಕ್ ಕೋರ್ಸಲ್ಲಿ ಸುಳ್ಳು. ಬುಕ್ ಮಾಡಿದೋರೆಲ್ಲ ಹತ್ತು ಹತ್ತು ನಿಮಿಷಕ್ಕೆ ನಾಲ್ಕು ನಾಲ್ಕು ಜನ ಇಳೀತಾ ಇರ್ತಾರೆ, ಅದ್ರಲ್ಲಿ ಮೊದಲನೇ ಸಲ ಆಡೋರು ಇರ್ತಾರೆ, ಮಕ್ಕಳನ್ನ ಕರ್ಕೊಂಡು ಬಂದೋರು ಇರ್ತಾರೆ, ಮೊದಲ ಪಾರ್ ತ್ರೀ (ಮೂರು ಹೊಡೆತಕ್ಕೆ ಮುಗಿಸ್ಬೇಕಾದ ಚಿಕ್ಕ ಹೋಲ್) ಬರೋ ಹೊತ್ತಿಗೆ ಟೀ ಹತ್ರ ಮೂರು ಗ್ರೂಪ್ ಕ್ಯೂ. ನಿಮ್ಮ ವೇಗ ನಿರ್ಧಾರ ಆಗೋದು ಮುಂದಿನವರ ಮೇಲೆ. ಬಗ್ಗಿಯಿಂದ ನಮಗೆ ಸಿಕ್ಕಿದ್ದು ಬೇಗ ಹೋಗಿ ಜಾಸ್ತಿ ಹೊತ್ತು ಕಾಯೋ ಭಾಗ್ಯ, ಅದೂ ಕೂತು ಕೂತು ಸೊಂಟ ಬಿಗಿದು ಮುಂದಿನ ಟೀ ಶಾಟ್‌ಗೆ ಮೈ ತಿರುಗ್ತಾನೇ ಇರಲಿಲ್ಲ.

ಹಾಗಂತ ಬಗ್ಗಿ ತಗೊಳ್ಳೋರನ್ನ ನಗಾಡೋರನ್ನ ಕಂಡ್ರೆ ನನಗಾಗಲ್ಲ. ಕಾಲಿನ ರಕ್ತ ಸಂಚಾರದ ತೊಂದರೆ ಇದ್ದ ಕೇಸಿ ಮಾರ್ಟಿನ್ ಅನ್ನೋ ಆಟಗಾರ, ಟೂರ್ನಮೆಂಟಲ್ಲಿ ಬಗ್ಗಿ ಬಳಸೋಕೆ ಬಿಡಿ ಅಂತ, ಅಮೆರಿಕದ ವೃತ್ತಿಪರ ಗಾಲ್ಫ್ ಟೂರ್ನಮೆಂಟ್ ನಡೆಸೋ ಪಿಜಿಎ ಟೂರ್ ಮೇಲೆ ಕೇಸ್ ಹಾಕಿ, ಅದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2001ರಲ್ಲಿ 7-2ರಲ್ಲಿ ಗೆದ್ರು. ನಡೆಯೋದು ಆಟದ ಜೀವಾಳ ಅಂತ ಟೂರ್‌ನೋರು ವಾದ ಮಾಡಿದ್ರು, ಕೋರ್ಟ್ ಒಪ್ಪಲಿಲ್ಲ, ಆಟದ ಮೂಲ ಬಾಲ್ ಹೊಡೆಯೋದು ಅಂತು. ಮಂಡಿ ನೋವಿರೋರು, ವಯಸ್ಸಾದೋರು ಈ ಗುಡ್ಡಕ್ಕೆ ಬಂದ್ರೆ ಕಣ್ಮುಚ್ಕೊಂಡು ಬಗ್ಗಿ ತಗೊಳ್ಳಿ. ಆದ್ರೆ ಒದ್ದೆ ಇಳಿಜಾರಲ್ಲಿ ಮಾತ್ರ ಅಡ್ಡ ತಿರುಗಿಸ್ಬೇಡಿ, ಬಗ್ಗಿ ಮಗುಚೋದು ಅಲ್ಲೇ.

ಎರಡನೇ ಸಲ ಪೂರ್ತಿ ಉಲ್ಟಾ ಹೋದೆ, ಬ್ಯಾಗ್ ಹೆಗಲಿಗೇ ಹಾಕ್ಕೊಂಡೆ. ಎರಡು ಪಟ್ಟಿಯ ಸ್ಟ್ಯಾಂಡ್ ಬ್ಯಾಗ್, ಸ್ಕೂಲ್ ಬ್ಯಾಗ್ ತರ ಬೆನ್ನಿಗೆ ಕೂರುತ್ತೆ. ಹೊರಡೋ ಮುಂಚೆ ತೂಕ ಹಾಕಿದ್ರೆ 12 ಕಿಲೋ ಮೇಲೆ! ಏನಪ್ಪಾ ಇದು ಅಂತ ಜಿಪ್ ಬಿಚ್ಚಿ ನೋಡಿದ್ರೆ ಬಾಲುಗಳೇ 19 ಇದ್ವು. ಒಂದು ಬಾಲ್ 45.93 ಗ್ರಾಂ ಮೀರೋ ಹಾಗಿಲ್ಲ ಅಂತ ರೂಲ್ ಇದೆ, ಹತ್ತೊಂಬತ್ತಕ್ಕೆ ಲೆಕ್ಕ ಹಾಕಿ, ಮುಕ್ಕಾಲು ಕಿಲೋ ದಾಟುತ್ತೆ. ಅದ್ರ ಮೇಲೆ ಛತ್ರಿ, ರೇನ್ ಜಾಕೆಟ್, ಒಂದೂವರೆ ಲೀಟರ್ ನೀರು, ಯಾವ ಕಾಲದ್ದೋ ನಾಲ್ಕು ಹರಿದ ಗ್ಲೌಸ್. ಏನನ್ನೂ ತೆಗೀಲಿಲ್ಲ ನಾನು, ಬೇಕಾಗ್ಬಹುದು ಅಂತ ಹಾಗೇ ಹೊತ್ಕೊಂಡು ಹೋದೆ, ನೋಡಿ ಬುದ್ಧಿ.

ಮೊದಲ ಆರು ಹೋಲ್ ಸ್ವರ್ಗ ಕಣ್ರೀ. ಟೀ ಶಾಟ್ ಹೊಡೆದು ಬಾಲ್ ಕಡೆ ನಡೀತಾ ಹೋಗೋ ಆ ಮೂರು ನಿಮಿಷ ಇದ್ಯಲ್ಲ, ಅದ್ರಲ್ಲೇ ಅರ್ಧ ಆಟ ಇದೆ ಅಂತ ಆವತ್ತು ಗೊತ್ತಾಯ್ತು. ಗಾಳಿ ಕುತ್ತಿಗೆ ಹಿಂದಿಂದ ಬರ್ತಾ ಇದ್ಯಾ ಪಕ್ಕದಿಂದಾನಾ ಗೊತ್ತಾಗುತ್ತೆ, ನೆಲ ಮೆತ್ತಗಿದ್ಯಾ ಗಟ್ಟಿನಾ ಕಾಲಿಗೆ ಗೊತ್ತಾಗುತ್ತೆ, ಬಾಲ್ ಹತ್ರ ಹೋಗೋ ಹೊತ್ತಿಗೆ ಯಾವ ಕ್ಲಬ್ ಅನ್ನೋದು ಆಗ್ಲೇ ಮನಸ್ಸಲ್ಲಿ ಇರುತ್ತೆ. ಹಳ್ಳದ ಸದ್ದು ನಾನು ಮೊದಲ ಸಲ ಕೇಳಿದ್ದೇ ಆವತ್ತು, ಬಗ್ಗೀಲಿ ಹೋದಾಗ ಅಲ್ಲಿ ಹಳ್ಳ ಇದೆ ಅಂತ ಗೊತ್ತಾಗಿದ್ದು ಬಾಲ್ ಬಿದ್ದಾಗ ಮಾತ್ರ.

ಇದಕ್ಕಿಂತ ಮುಖ್ಯ ಗ್ರೀನ್ ವಿಷಯ. ಬಗ್ಗಿ ದಾರಿ ಸಾಮಾನ್ಯವಾಗಿ ಗ್ರೀನಿನ ಪಕ್ಕಕ್ಕೋ ಹಿಂದಕ್ಕೋ ಹೋಗಿ ನಿಲ್ಲುತ್ತೆ, ನೀವು ಪಟರ್ (ಗ್ರೀನ್ ಮೇಲೆ ಬಾಲ್ ಉರುಳಿಸೋ ಕ್ಲಬ್) ಹಿಡ್ಕೊಂಡು ಸೈಡಿಂದ ಗ್ರೀನಿಗೆ ಕಾಲಿಡ್ತೀರ, ಅದರ ಒಟ್ಟು ವಾಲು ಕಾಣೋದೇ ಇಲ್ಲ. ಫೇರ್‌ವೇ ಕಡೆಯಿಂದ ಕೆಳಗಿಂದ ನಡ್ಕೊಂಡು ಬಂದ್ರೆ ಐವತ್ತು ಯಾರ್ಡ್ ದೂರದಲ್ಲೇ ಗೊತ್ತಾಗುತ್ತೆ ಇಡೀ ಗ್ರೀನ್ ತಟ್ಟೆ ಎತ್ತಿ ಹಿಡಿದ ಹಾಗೆ ಒಂದು ಕಡೆ ವಾಲಿದೆ ಅಂತ. ಗುಡ್ಡದ ಕೋರ್ಸಲ್ಲಿ ಕಣ್ಣು ಭಾರಿ ಮೋಸ ಮಾಡುತ್ತೆ. ಸುತ್ತ ಇರೋ ನೆಲವೇ ಓರೆ ಇದ್ದಾಗ ಸಣ್ಣ ಓರೆ ಸಮತಟ್ಟಾಗಿ ಕಾಣುತ್ತೆ. ಬಗ್ಗೀಲಿ ಹೋದ ದಿನ ಐದನೇ ಗ್ರೀನಲ್ಲಿ ಬಾಲ್ ಏರಿನ ಕಡೆಗೇ ಉರುಳಿದ ಹಾಗೆ ಕಂಡು ನಾನೂ ಭಾವನೂ ಮುಖ ಮುಖ ನೋಡ್ಕೊಂಡಿದ್ವಿ, ನಡೆದು ಬಂದ ದಿನ ನೋಡಿದ್ರೆ ಆ ಕಡೆ ಏರೇ ಅಲ್ಲ, ಹಿಂದಿನ ಗುಡ್ಡ ಹಾಗೆ ಕಾಣೋ ಹಾಗೆ ಮಾಡಿತ್ತು ಅಷ್ಟೆ. ಗುಡ್ಡದಿಂದ ದೂರಕ್ಕೆ, ಕಣಿವೆ ಕಡೆಗೆ ಬಾಲ್ ತಿರುಗುತ್ತೆ ಅಂತ ಹಳಬರು ಹೇಳ್ತಾರಲ್ಲ, ಎಲ್ಲಾ ಗ್ರೀನಲ್ಲೂ ನಿಜ ಆಗ್ಬೇಕಂತಿಲ್ಲ, ಇಲ್ಲಿ ಮಾತ್ರ ಬಹುಪಾಲು ನಿಜ ಆಯ್ತು.

ಏಳನೇ ಹೋಲ್ ಬಂತು ನೋಡಿ, ಸ್ವರ್ಗದಿಂದ ಸೀದಾ ಕೆಳಗೆ. ಟೀಯಿಂದ ಗ್ರೀನಿಗೆ ಒಂದೇ ಸಮ ಏರು, ಅರ್ಧ ದಾರೀಲೇ ಪಟ್ಟಿ ಹೆಗಲಿಗೆ ಕೊಯ್ಯೋಕೆ ಶುರು. ಗ್ರೀನ್ ತಲುಪಿದಾಗ ಎದೆ ಡವಡವ ಅಂತಿದೆ, ಪಟರ್ ಹಿಡಿದ್ರೆ ಪ್ರತಿ ಬಡಿತಕ್ಕೂ ಪಟರ್ ತಲೆ ಅಲ್ಲಾಡೋದು ಕಾಣ್ತಾ ಇದೆ, ಮೂರಡಿ ಪಟ್ ಮಿಸ್. ಆಮೇಲೆ ಗೊತ್ತಾಯ್ತು, ಹೊರೋದಕ್ಕಿಂತ ಸುಸ್ತು ಮಾಡೋದು ಇಳಿಸಿ ಎತ್ತೋದು. ನನ್ನಂಥವರು ಒಂದು ರೌಂಡಲ್ಲಿ ತೊಂಬತ್ತು ನೂರು ಸಲ ಹೊಡೀತೀವಿ, ಪ್ರತಿ ಹೊಡೆತಕ್ಕೂ ಬ್ಯಾಗ್ ಇಳಿಸು, ಎತ್ತು. ಓರೆ ನೆಲದಲ್ಲಿ ಸ್ಟ್ಯಾಂಡಿನ ಕಾಲು ನಿಲ್ಲಲ್ಲ, ಬ್ಯಾಗ್ ದಬಕ್ ಅಂತ ಬೀಳುತ್ತೆ, ಅದೂ ಪಕ್ಕದವರು ಬ್ಯಾಕ್‌ಸ್ವಿಂಗ್ ಎತ್ತಿದ ಕ್ಷಣಕ್ಕೇ ಸರಿಯಾಗಿ. ಗಾಲ್ಫಲ್ಲಿ ಹೊಡೆತ ಕಮ್ಮಿ ಇದ್ದಷ್ಟೂ ಒಳ್ಳೇದು, ನನಗೆ ಮೊದಲ ಒಂಬತ್ತು ಹೋಲಿಗೆ 46, ಕೊನೇ ಒಂಬತ್ತಕ್ಕೆ 55. ಹದಿನಾಲ್ಕನೇ ಹೋಲಿಂದ ಕಾಲು ನನ್ನ ಮಾತು ಕೇಳ್ತಾ ಇರಲಿಲ್ಲ, ಬಾಲಿನ ನೆತ್ತಿಗೆ ಹೊಡೆದು ಹೊಡೆದು ನೆಲದ ಮೇಲೇ ಉರುಳಿಸ್ಕೊಂಡು ಹೋದೆ. ನೆತ್ತಿ ಮೇಲೆ ನಿಂತು ಕಣಿವೆ ನೋಡಬೇಕಾದಾಗ ನಾನು ನೋಡಿದ್ದು ನನ್ನ ಶೂ ಲೇಸ್.

ಮೂರನೇ ಸಲ ಟ್ರಾಲಿ. ಮೂರು ಗಾಲಿಯ ತಳ್ಳೋ ಟ್ರಾಲಿ, ಎಳೆಯೋದಲ್ಲ. ಎಳೆಯೋದ್ರಲ್ಲಿ ಒಂದು ಕೈ ಯಾವಾಗ್ಲೂ ಹಿಂದಕ್ಕೆ ತಿರುಚಿರುತ್ತೆ, ಹೆಗಲು ಹಿಡ್ಕೊಳ್ಳುತ್ತೆ, ಹಾಗಾಗಿ ಅದು ಬೇಡವೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದೇ 12 ಕಿಲೋ ಬ್ಯಾಗು, ಸಮತಟ್ಟು ನೆಲದಲ್ಲಿ ಒಂದು ಬೆರಳಲ್ಲಿ ತಳ್ಳಬಹುದು. ನಡೆಯೋದ್ರ ಲಾಭ ಎಲ್ಲಾ ಸಿಗುತ್ತೆ, ಬೆನ್ನ ಮೇಲೆ ಭಾರ ಇಲ್ಲ, ಬಾಗಿ ಬ್ಯಾಗ್ ಎತ್ತೋ ಕೆಲ್ಸ ಇಲ್ಲ, ಹಿಡಿ ಹತ್ರ ಸ್ಕೋರ್ ಕಾರ್ಡ್, ನೀರು, ಬಾಲ್ ಎಲ್ಲಾ ಕೈಗೆ ಸಿಗೋ ಹಾಗೆ. ಏಳನೇ ಏರಲ್ಲೂ ಪರವಾಗಿಲ್ಲ, ಅದ್ರ ಮೇಲೇ ಒರಗಿ ತಳ್ಕೊಂಡು ಹತ್ತಬಹುದು, ಬೆವರು ಬರುತ್ತೆ ಆದ್ರೆ ಎದೆ ಒಡೆಯಲ್ಲ.

ಇದರ ಶತ್ರು ಅಡ್ಡ ಇಳಿಜಾರು. ಗುಡ್ಡದ ಪಕ್ಕೇಲಿ ಹೋಗೋ ಎಂಟನೇ ಫೇರ್‌ವೇಲಿ ಟ್ರಾಲಿ ಹಠ ಹಿಡಿದ ಕರು ತರ ಕೆಳಗಡೆಗೇ ಜಗ್ತಾ ಇರುತ್ತೆ, ಒಂದೇ ಕೈಲಿ ಎಳೆದು ಹಿಡಿದು ಹಿಡಿದು ಮಣಿಕಟ್ಟು ನೋವು. ಮುಂದಿನ ಗಾಲಿ ತಿರುಗೋ ಥರದ್ದಿದ್ರೆ ಅದನ್ನ ಲಾಕ್ ಮಾಡ್ಕೊಳ್ಳಿ, ಸ್ವಲ್ಪ ವಾಸಿ. ಹನ್ನೊಂದನೇ ಗ್ರೀನಿಂದ ಹನ್ನೆರಡನೇ ಟೀಗೆ ಮೆಟ್ಟಿಲು ಬೇರೆ, ಅಲ್ಲಿ ಟ್ರಾಲಿ ಸಮೇತ ಎತ್ಕೊಂಡು ಹೋಗ್ಬೇಕು.

ಆ ಮೆಟ್ಟಿಲು ಹತ್ತಿ ಸುಸ್ತಾಗಿ ಟೀ ಪಕ್ಕ ಟ್ರಾಲಿ ನಿಲ್ಲಿಸಿ ಬ್ರೇಕ್ ಒತ್ತಿದೆ, ಒತ್ತಿದೆ ಅಂದ್ಕೊಂಡೆ. ಟಕ್ ಅಂತ ಸದ್ದು ಬರಬೇಕು, ಬಂತೋ ಇಲ್ವೋ ಗಮನ ಇಲ್ಲ, ಯಾಕಂದ್ರೆ ಎದುರುಗಡೆ ಕಣಿವೆ ಪೂರ್ತಿ ತೆರ್ಕೊಂಡಿತ್ತು, ಮಂಜು ಇನ್ನೂ ಅರ್ಧ ಎದ್ದಿರಲಿಲ್ಲ, ನಾವು ಆಡಿಬಂದ ಫೇರ್‌ವೇಗಳೆಲ್ಲ ಕೆಳಗೆ ಹಸಿರು ಪಟ್ಟಿ ಪಟ್ಟಿಯಾಗಿ ಕಾಣ್ತಾ ಇತ್ತು. "ನಿನ್ನ ಗಾಡಿ ಎಲ್ಲಿಗೋ ಹೊರಟಿದೆ ಮಾರಾಯಾ" ಅಂತ ಭಾವ ತಣ್ಣಗೆ ಹೇಳಿದ್ರು. ತಿರುಗಿ ನೋಡಿದ್ರೆ ಟ್ರಾಲಿ ಯಾರೋ ತಳ್ತಾ ಇದ್ದಾರೇನೋ ಅನ್ನೋ ಹಾಗೆ ನೆಟ್ಟಗೆ, ಗಾಂಭೀರ್ಯದಿಂದ, ಇಳಿಜಾರು ಹಿಡಿದು ಹೋಗ್ತಾ ಇದೆ. ಓಡಿದೆ. ಸ್ಪೈಕ್ ಶೂ ಹಾಕ್ಕೊಂಡು ಇಳಿಜಾರಲ್ಲಿ ಓಡೋದು ಹೇಗಿರುತ್ತೆ ಅಂತ ಊಹೆ ಮಾಡ್ಕೊಳ್ಳಿ. ನಾನು ತಲುಪೋ ಮುಂಚೆ ಅದು ಕೆಳಗಿನ ಕೆರೆಗೆ ಇಳಿದಾಗಿತ್ತು, ಮೊದಲು ಗಾಲಿ, ಆಮೇಲೆ ನಿಧಾನಕ್ಕೆ ಬ್ಯಾಗು, ಡ್ರೈವರಿನ (ಅತಿ ದೂರ ಹೊಡೆಯೋ ಕ್ಲಬ್) ಹೆಡ್‌ಕವರ್ ಮಾತ್ರ ಕಳಚ್ಕೊಂಡು ಬಾತುಕೋಳಿ ತರ ತೇಲ್ತಾ ಇತ್ತು. ಮಂಡಿವರೆಗೆ ನೀರಿಗಿಳಿದು ಎಳೆದೆ. ಗ್ರಿಪ್ಪೆಲ್ಲ ನೆಂದು ಮುಂದಿನ ಮೂರು ಹೋಲ್ ಕ್ಲಬ್ ಕೈಯಿಂದ ಜಾರ್ತಾ ಇತ್ತು, ಒರೆಸೋಕೆ ಇದ್ದ ಟವೆಲ್ಲೂ ಅದೇ ಬ್ಯಾಗಿಗೆ ನೇತಾಕಿತ್ತು. ಸ್ಕೋರ್ ಕಾರ್ಡ್ ಮುದ್ದೆ. ಅಲ್ಲಿವರೆಗಿನ ನನ್ನ ಸ್ಕೋರನ್ನ ಭಾವನೇ ನೆನಪಿಂದ ಹೇಳಿದ್ರು, ನನ್ನ ಡಬಲ್ ಬೋಗಿಗಳು (ಪಾರ್‌ಗಿಂತ ಎರಡು ಹೊಡೆತ ಜಾಸ್ತಿ ಆದ ಹೋಲ್‌ಗಳು) ಅವರಿಗೆ ಒಂದೂ ಮರೆತಿರಲಿಲ್ಲ.

ಹಾಗಾಗಿ ಟ್ರಾಲಿ ತಗೊಳ್ಳೋರಿಗೆ ಒಂದೇ ಮಾತು: ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸ್ಬೇಡಿ, ಅಡ್ಡಕ್ಕೆ ನಿಲ್ಲಿಸಿ, ಬ್ರೇಕ್ ಹಾಕಿದ್ಮೇಲೂ ಒಂದ್ಸಲ ತಳ್ಳಿ ನೋಡಿ.

ಇಷ್ಟಾದ್ಮೇಲೂ ಆವತ್ತು ಒಟ್ಟು 96 ಹೊಡೆದಿದ್ದೆ, ಹೊತ್ಕೊಂಡು ಹೋದ ದಿನಕ್ಕಿಂತ ಐದು ಕಮ್ಮಿ, ಬಗ್ಗೀಲಿ ಹೋದ ದಿನಕ್ಕಿಂತ ಮೂರು ಕಮ್ಮಿ. ಟ್ರಾಲಿನೇ ಗೆದ್ದಿತು ಅಂತ ಬರೆದು ಮುಗಿಸ್ತಿದ್ದೆ, ಆದ್ರೆ ಬ್ಯಾಗ್ ಪೂರ್ತಿ ಒಣಗಲಿ ಅಂತ ಎಲ್ಲಾ ಕ್ಲಬ್ ಹೊರಗೆ ತೆಗೆದು ಗೋಡೆಗೆ ಸಾಲಾಗಿ ಒರಗಿಸಿದಾಗ ಒಂದು ಯೋಚನೆ ಬಂತು. ಇದ್ರಲ್ಲಿ ನಾನು ಆವತ್ತು ಮುಟ್ಟಿದ್ದು ಎಷ್ಟು? ಎಣಿಸಿದ್ರೆ ಎಂಟು. ಬ್ಯಾಗಲ್ಲಿ 14 ಕ್ಲಬ್ ಅನ್ನೋದು ರೂಲಿನ ಗರಿಷ್ಠ ಮಿತಿ ಕಣ್ರೀ, ಕನಿಷ್ಠ ಅಲ್ಲ. ಆ ಮಿತಿ ಬಂದಿದ್ದೂ 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ತಂದ ಮೇಲೆ, ಅದಕ್ಕೆ ಮುಂಚೆ ಇಪ್ಪತ್ತಕ್ಕಿಂತ ಜಾಸ್ತಿ ಕ್ಲಬ್ ಹೊರಿಸ್ಕೊಂಡು ಹೋಗೋರೂ ಇದ್ರು. ಅದೇ 1916ರ ಯುಎಸ್ ಓಪನ್ ಗೆದ್ದ ಚಿಕ್ ಇವಾನ್ಸ್ ಬ್ಯಾಗಲ್ಲಿ ಇದ್ದಿದ್ದು ಏಳೇ ಏಳು ಕ್ಲಬ್. ಅವರಿಗೆ ಸಾಕಾಗಿದ್ದು ನನಗೆ ಸಾಕಾಗಲ್ವಾ?

ನಾಲ್ಕನೇ ಸಲ ತೆಳ್ಳನೆ ಸಣ್ಣ ಬ್ಯಾಗು, ಒಂದೇ ಪಟ್ಟಿ, ಏಳು ಕ್ಲಬ್. 5 ವುಡ್, 5 ಐರನ್, 7, 9, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಆರು ಬಾಲ್, ಒಂದು ಸಣ್ಣ ಬಾಟಲ್ ನೀರು. ತೂಕ ಐದು ಕಿಲೋ ಆಸುಪಾಸು. ಡ್ರೈವರ್ ಬಿಟ್ಟು ಹೋಗೋಕೆ ಕೈ ಬರಲಿಲ್ಲ, ಎರಡು ಸಲ ಹಾಕಿ ಎರಡು ಸಲ ತೆಗೆದೆ. ಆದ್ರೆ ಅದಿಲ್ದೇ ಇದ್ದಿದ್ದೇ ಒಳ್ಳೇದಾಯ್ತು, 5 ವುಡ್ಡಲ್ಲಿ ಹೊಡೆದಿದ್ದು ಇಪ್ಪತ್ತು ಯಾರ್ಡ್ ಕಮ್ಮಿ ಹೋದ್ರೂ ಫೇರ್‌ವೇಲೇ ಇತ್ತು. ಬಾಲ್ ಹುಡುಕೋಕೆ ರೂಲಲ್ಲಿ ಈಗ ಇರೋದು ಮೂರೇ ನಿಮಿಷ, 2019ಕ್ಕೆ ಮುಂಚೆ ಐದಿತ್ತು, ನಾನು ಆವತ್ತು ಹುಡುಕಿದ್ದೇ ಎರಡು ಸಲ.

ಕ್ಲಬ್ ಕಮ್ಮಿ ಇದ್ರೆ ಎಲ್ಲಿ ಸಿಕ್ಕಾಕೋತೀವಿ ಅನ್ನೋದನ್ನೂ ಹೇಳ್ತೀನಿ. ಹದಿನೈದನೇ ಹೋಲ್ ಮೇಲಿಂದ ಕೆಳಕ್ಕೆ ಹೊಡೆಯೋ ಪಾರ್ ತ್ರೀ, ಕಾರ್ಡಲ್ಲಿ 160 ಯಾರ್ಡ್, ಆದ್ರೆ ಟೀಗಿಂತ ಗ್ರೀನ್ ಹದಿನೈದು ಮೀಟರ್ ಕೆಳಗಿದೆ. ಎಷ್ಟು ಕೆಳಗಿದ್ಯೋ ಹೆಚ್ಚುಕಮ್ಮಿ ಅಷ್ಟು ದೂರ ಕಳೀಬೇಕು ಅನ್ನೋದು ಒಂದು ಅಂದಾಜಿನ ಲೆಕ್ಕ, ಅಂದ್ರೆ 145ರ ಹತ್ತಿರ. ನನಗೆ ಅದು ಕರೆಕ್ಟಾಗಿ 8 ಐರನ್ ದೂರ, 8 ಮನೇಲಿದೆ. 9 ತಗೊಂಡ್ರೆ ಮುಂದಿನ ಬಂಕರ್ (ಮರಳುಗುಂಡಿ), 7 ತಗೊಂಡ್ರೆ ಹಿಂದಿನ ಪೊದೆ. 7ನ್ನೇ ತಗೊಂಡು ಗ್ರಿಪ್ಪನ್ನ ಎರಡು ಇಂಚು ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗ್ ಮಾತ್ರ ಮಾಡಿದೆ. ಬಾಲ್ ಗಾಳೀಲಿ ಎಷ್ಟು ಹೊತ್ತು ಇತ್ತು ಅಂದ್ರೆ ನಾನು ಭಾವನ ಮುಖ ನೋಡಿ ಮತ್ತೆ ತಿರುಗಿ ನೋಡಿದ್ರೂ ಇನ್ನೂ ಕಣಿವೆ ಮೇಲೆ ಬಿಳಿ ಚುಕ್ಕೆ ಆಗಿ ಇಳೀತಾನೇ ಇತ್ತು, ಆಮೇಲೆ ಗ್ರೀನ್ ಮೇಲೆ ಪುಟ್ ಅಂತ ಬಿತ್ತು, ಸದ್ದು ಒಂಚೂರು ತಡವಾಗಿ ಬಂತು. ಪಾರ್. ಭಾವನ 8 ಐರನ್ ಕೇಳೋಣ ಅನ್ಸಿತ್ತು ನಿಜ, ಆದ್ರೆ ಒಂದ್ಸಲ ಆ ಪಾಠ ಆಗಿತ್ತಲ್ಲ.

ಒಟ್ಟು 94. ಎರಡು ಸ್ಟ್ರೋಕ್ ವ್ಯತ್ಯಾಸ ಲೆಕ್ಕಕ್ಕಿಲ್ಲ, ಅದು ಗಾಳಿ ಮೇಲೂ ಹೋಗುತ್ತೆ, ಒಂದೇ ಕೋರ್ಸಲ್ಲಿ ನಾಲ್ಕನೇ ಸಲ ಆಡ್ತಾ ಇದ್ದೆ ಅನ್ನೋದೂ ಇದೆ. ಆದ್ರೆ ಹದಿನೆಂಟನೇ ಗ್ರೀನಲ್ಲಿ ಕಾಲು ಇನ್ನೂ ನನ್ನದಾಗೇ ಇತ್ತು, ಇದು ಲೆಕ್ಕಕ್ಕೆ ಬರುತ್ತೆ. ಮಳೆಗಾಲ ಅಂದ್ರೆ ಛತ್ರಿ ಜಾಕೆಟ್ ಎಲ್ಲಾ ಬೇಕು, ಆಗ ಮಾತ್ರ ಟ್ರಾಲಿ. ಸಮತಟ್ಟಾದ ಕೋರ್ಸ್ ಆದ್ರೂ ಟ್ರಾಲಿನೇ, ಅಲ್ಲಿ ಯೋಚನೆ ಮಾಡೋದೇ ಬೇಡ. ಗುಡ್ಡ, ಒಣ ಹವಾ, ಕಾಲು ಗಟ್ಟಿ ಇದೆ ಅಂದ್ರೆ ಅರ್ಧ ಸೆಟ್ಟು. ಹದಿನಾಲ್ಕು ಕ್ಲಬ್ ಪೂರ್ತಿ ಹೆಗಲ ಮೇಲೆ ಹಾಕ್ಕೊಂಡು ಆ ಏರಿಗೆ ಮಾತ್ರ ನಾನಂತೂ ಇನ್ನು ಹೋಗಲ್ಲ.

ಭಾವ ಕೊನೇ ಸಲ ಒಬ್ರೇ ಬಗ್ಗಿ ತಗೊಂಡಿದ್ರು, ಅವರಿಗೆ ಅದೇ ಇಷ್ಟ, ಬಲಗಡೆ ಪೊದೆಗಳಿಗೆಲ್ಲ ಆರಾಮಾಗಿ ಹೋಗಿ ಬರ್ತಾರೆ. ಪ್ರತಿ ಟೀಗೂ ನನಗಿಂತ ಮುಂಚೆ ತಲುಪೋರು, ನಾನು ನಡ್ಕೊಂಡು ಹೋಗೋ ಹೊತ್ತಿಗೂ ಮುಂದಿನ ಗ್ರೂಪ್ ಇನ್ನೂ ಅಲ್ಲೇ ಇರ್ತಿತ್ತು. ಮುಂದಿನ ಸಲಕ್ಕೆ ಒಪ್ಪಂದ ಆಗಿದೆ, ನನ್ನ ನೀರಿನ ಬಾಟಲ್ ಅವರ ಬಗ್ಗೀಲಿ, ಅವರ ಬಾಲ್ ಎಲ್ಲಿ ಬಿತ್ತು ಅಂತ ನೋಡ್ಕೊಳ್ಳೋ ಕೆಲ್ಸ ನಂದು.